ಹತ್ತು ನಿಮಿಷದ ಕೆಲಸಕ್ಕೆ ನಾನೂರು ರೂಪಾಯಿ ಯಾಕೆ?

ಕೂಲಿ, ದರ, ಎಸ್ಟಿಮೇಟ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ ಕೊಟ್ಟಿದ್ದೇನೆ. ಕೆಲಸ ಮಾಡುವವರೂ ಬರೆದಿದ್ದಾರೆ, ಮಾಡಿಸುವವರೂ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದವರೇ ಜಾಸ್ತಿ. ಹಾಗಾಗಿ ಎಲ್ಲರದ್ದೂ ಊರು ಮತ್ತು ಕೆಲಸ ಮಾತ್ರ ಇದೆ.

ಸರ್, ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಷಿಯನ್. ಐಟಿಐ ಮುಗಿಸಿ ಸ್ವಂತ ಕೆಲಸ ಮಾಡ್ತಿದ್ದೀನಿ. ದಿನಕ್ಕೆ 900 ರೂಪಾಯಿ ತಗೊಳ್ತೀನಿ, ನಮ್ಮ ಕಡೆ ಎಲ್ಲರೂ ಅಷ್ಟೇ ತಗೊಳ್ಳೋದು. ಕೆಲಸಕ್ಕೇನೂ ಕೊರತೆ ಇಲ್ಲ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲಲ್ಲ. ಮನೆಗೆ ತಿಂಗಳಿಗೆ 25,000 ಬೇಕು, ಹೆಂಡತಿ ಒಡವೆ ಅಡವಿಟ್ಟಾಗಿದೆ. ಮೊನ್ನೆ ಒಬ್ಬರ ಮನೇಲಿ ಫ್ಯಾನ್‌ಗೆ ಕೆಪಾಸಿಟರ್ ಹಾಕಿ 400 ಕೇಳಿದೆ. ಕೆಪಾಸಿಟರ್‌ಗೇ 60 ಆಗಿತ್ತು. 'ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?' ಅಂತ ಜಗಳಕ್ಕೆ ಬಂದರು. ನಾನು ಕೇಳಿದ್ದು ತಪ್ಪಾ?

ತಪ್ಪಲ್ಲ. ಆದರೆ ಆ 400 ಎಲ್ಲಿಂದ ಬಂತು ಎಂದು ಕೇಳಿದರೆ ಹೇಳುವುದಕ್ಕೆ ನಿಮ್ಮ ಹತ್ತಿರ ಲೆಕ್ಕ ಇರಲಿಲ್ಲ. ತೊಂದರೆ ಇರುವುದು ಅಲ್ಲಿ. ಎಲ್ಲರೂ ತಗೊಳ್ಳುವ 900 ಅನ್ನೇ ನೀವೂ ತಗೊಳ್ತಿದ್ದೀರಿ. ಆ ಎಲ್ಲರ ಮನೆಯ ಒಡವೆಯೂ ಅಡವಿನಲ್ಲಿ ಇಲ್ಲ ಎಂದು ನಿಮಗೇನು ಗೊತ್ತು?

ಒಂದು ನೋಟ್‌ಬುಕ್ ತಗೊಂಡು ಕೂರಿ. ಮನೆಗೆ ತಿಂಗಳಿಗೆ 25,000 ಅಂದರೆ ವರ್ಷಕ್ಕೆ 3 ಲಕ್ಷ. ಇದು ನಿಮ್ಮ ಸಂಬಳ, ಲಾಭ ಅಲ್ಲ. ಇನ್ನು ಕೆಲಸದ ಖರ್ಚು. ಪೆಟ್ರೋಲು, ಗಾಡಿ ಸರ್ವಿಸ್, ಟೈರ್, ಗಾಡಿ ವಿಮೆ ಸೇರಿ ತಿಂಗಳಿಗೆ 3,000 ಎಂದರೂ ವರ್ಷಕ್ಕೆ 36,000. ಡ್ರಿಲ್ಲಿಂಗ್ ಮಷೀನು, ಅದರ ಬಿಟ್ಟು, ಕಾರ್ಬನ್ ಬ್ರಷ್ಷು, ಕಟ್ಟರ್, ಏಣಿ, ಮಲ್ಟಿಮೀಟರ್ ಎಲ್ಲವೂ ಸವೆಯುತ್ತವೆ, ಮತ್ತೆ ಕೊಳ್ಳಬೇಕು. ಅದಕ್ಕೆ 15,000 ಇಡಿ. ಫೋನಿಗೆ 4,000. ಆರೋಗ್ಯ ವಿಮೆ, ಅಪಘಾತ ವಿಮೆಗೆ 12,000. ಏಣಿ ಹತ್ತುವವರು, ಲೈನ್ ಮುಟ್ಟುವವರು ಇದೊಂದನ್ನು ಬಿಡಲೇಬಾರದು. ಮಾಡಿದ ಕೆಲಸವನ್ನೇ ಇನ್ನೊಮ್ಮೆ ಹೋಗಿ ಸರಿಮಾಡುವುದು, ಬಾರದೆ ಹೋದ ಬಾಕಿ, ಇವಕ್ಕೆ 8,000. ಒಟ್ಟು 75,000 ಆಯಿತು. ನಿಮಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಅರವತ್ತಾದ ಮೇಲೆ ಏಣಿ ಹತ್ತುವುದಕ್ಕೆ ಆಗುವುದೂ ಇಲ್ಲ. ಮುಂದಿನ ದಿನಕ್ಕೆ ಅಂತ ವರ್ಷಕ್ಕೆ 39,000 ತೆಗೆದಿಡಿ. ಎಲ್ಲ ಕೂಡಿದರೆ 4,14,000.

ಈಗ ದಿನದ ಲೆಕ್ಕ. ಜಾಸ್ತಿ ಜನ ಎಡವುವುದು ಇದರಲ್ಲೇ. ಸುಮ್ನೆ 365ರಿಂದ ಭಾಗಿಸಿಬಿಡುತ್ತಾರೆ, ಇಲ್ಲವೇ ತಿಂಗಳಿಗೆ 30 ದಿನ ಕೆಲಸ ಎಂದುಕೊಳ್ಳುತ್ತಾರೆ. ಭಾನುವಾರ 52 ಕಳೆಯಿರಿ, ಉಳಿಯುವುದು 313. ಹಬ್ಬ, ಜಾತ್ರೆ, ನೆಂಟರ ಮದುವೆ, ಜ್ವರ, ಮಕ್ಕಳ ಶಾಲೆ ಕೆಲಸ ಎಲ್ಲ ಸೇರಿ 33 ಕಳೆದರೆ 280. ಎಸ್ಟಿಮೇಟ್ ಕೊಡಲು ಸುತ್ತುವುದು, ಬಾಕಿ ವಸೂಲಿಗೆ ಅಲೆಯುವುದು, ಕೆಲಸವೇ ಇಲ್ಲದೆ ಕೂರುವುದು ಎಂದು 50 ದಿನ ಹೋಗುತ್ತದೆ. ಉಳಿದದ್ದು 230. 4,14,000ವನ್ನು 230ರಿಂದ ಭಾಗಿಸಿ. ದಿನಕ್ಕೆ 1,800 ರೂಪಾಯಿ.

ನೀವು 900 ತಗೊಂಡರೆ ಏನಾಗುತ್ತದೆ? 230 ದಿನಕ್ಕೆ 2,07,000 ಬರುತ್ತದೆ. ಕೆಲಸದ ಖರ್ಚು 75,000 ಕಳೆದರೆ 1,32,000. ತಿಂಗಳಿಗೆ ಬರೀ 11,000. ಒಡವೆ ಯಾಕೆ ಅಡವಿಗೆ ಹೋಯಿತು ಎಂಬುದಕ್ಕೆ ಉತ್ತರ ಇದು. ನೀವು ದುಂದು ಮಾಡಿಲ್ಲ, ಸೋಮಾರಿಯೂ ಅಲ್ಲ.

ಇನ್ನು ಆ ಫ್ಯಾನ್ ವಿಷಯಕ್ಕೆ ಬರೋಣ. ಫ್ಯಾನ್ ನಿಧಾನ ತಿರುಗುತ್ತಿದೆ ಎಂದು ಫೋನ್ ಬಂದ ಕೂಡಲೇ ಕೆಪಾಸಿಟರ್ ಇರಬಹುದು ಎಂದು ನಿಮಗೆ ಹೊಳೆಯುತ್ತದೆ. ಬ್ಯಾಗಿನಲ್ಲಿ 2.5 ಮೈಕ್ರೋಫ್ಯಾರಡ್‌ನದ್ದು ಇಟ್ಟುಕೊಂಡೇ ಹೋಗುತ್ತೀರಿ. ಮಂಚ ಸರಿಸಿ, ಏಣಿ ಹಾಕಿ, ಮೇಲಿನ ಕಪ್ ಇಳಿಸಿ, ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿ, ಟೇಪ್ ಸುತ್ತಿ, ರೆಗ್ಯುಲೇಟರ್ ಒಂದರಿಂದ ಐದರವರೆಗೆ ತಿರುಗಿಸಿ ನೋಡುತ್ತೀರಿ. ಮನೆಯವರು ಕಂಡದ್ದು ಹತ್ತು ನಿಮಿಷ. ಹೋಗಿ ಬರುವ ದಾರಿಯ ನಲವತ್ತು ನಿಮಿಷ ಅವರಿಗೆ ಕಾಣುವುದಿಲ್ಲ. ನಿಮ್ಮ ಒಂದು ಗಂಟೆ ಹೋಯಿತು. ಎಂಟು ಗಂಟೆಯ ದಿನದಲ್ಲಿ ದುಡ್ಡು ಹುಟ್ಟುವುದು ಸುಮಾರು ಆರು ಗಂಟೆ ಮಾತ್ರ. 1,800ನ್ನು ಆರರಿಂದ ಭಾಗಿಸಿದರೆ ಗಂಟೆಗೆ 300. ನೀವು ಕೂಲಿ ಎಂದು ತಗೊಂಡದ್ದು 340. ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ನಿಧಾನಕ್ಕೆ ಒಂದು ಗಂಟೆ ಒದ್ದಾಡಿದ್ದರೆ ಅವರು 400ನ್ನು ಸುಮ್ಮನೆ ಕೊಡುತ್ತಿದ್ದರೇನೋ! ಬೇಗ ಮುಗಿಸಿದವನಿಗೆ ಕಡಿಮೆ ಕೂಲಿ ಅಂದರೆ ಕೆಲಸ ಕಲಿತದ್ದಕ್ಕೇ ದಂಡ ಹಾಕಿದ ಹಾಗೆ.

ಆದರೆ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ದರ ಅವರಿಗೆ ಗೊತ್ತಾದದ್ದು ಕೆಲಸ ಮುಗಿದ ಮೇಲೆ. ಆಗ ಬೇಡ ಎನ್ನುವ ದಾರಿಯೇ ಅವರಿಗೆ ಇರಲಿಲ್ಲ. ಇನ್ನು ಮೇಲೆ ಫೋನಿನಲ್ಲೇ ಹೇಳಿ: 'ಮನೆಗೆ ಬಂದು ನೋಡುವುದೂ ಸೇರಿ, ಅರ್ಧ ಗಂಟೆಯೊಳಗಿನ ಕೆಲಸಕ್ಕೆ 350. ಸಾಮಾನು ಬೇರೆ.' ಒಪ್ಪದವರು ಅಲ್ಲೇ ಬೇಡ ಅಂತಾರೆ, ನಿಮ್ಮ ಪೆಟ್ರೋಲೂ ಉಳಿಯುತ್ತದೆ.

ನಾಳೆಯೇ ದಿನಕ್ಕೆ 1,800 ಎಂದರೆ ಯಾರೂ ಕರೆಯುವುದಿಲ್ಲ, ನಿಜ. ಹಾಗಾಗಿ ದಿನದ ಲೆಕ್ಕವನ್ನೇ ಆದಷ್ಟು ಬಿಡಿ. ಸಣ್ಣ ಕೆಲಸಕ್ಕೆ ಕನಿಷ್ಠ ದರ ಇಡಿ. ಒಂದೇ ಬಡಾವಣೆಯ ನಾಲ್ಕೈದು ಕೆಲಸ ಒಂದೇ ದಿನಕ್ಕೆ ಬರುವ ಹಾಗೆ ಹೊಂದಿಸಿಕೊಳ್ಳಿ. ಹೊಸ ಮನೆ ವೈರಿಂಗ್‌ಗೆ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ಲೈಟು, ಫ್ಯಾನು, ಸಾಕೆಟ್ಟಿಗೆ ಇಷ್ಟು ಎಂದು ಮಾತಾಡಿ. ಒಂದು ಪಾಯಿಂಟ್‌ನಲ್ಲಿ ಏನೇನು ಸೇರುತ್ತದೆ, ಗೋಡೆ ಕೊರೆಯುವುದು ಯಾರು, ಮುಚ್ಚುವುದು ಯಾರು ಎಂಬುದನ್ನು ಬರೆದೇ ಕೊಡಿ. ಹೊಸ ಗಿರಾಕಿಗಳಿಗೆ ಮೊದಲು ಹೊಸ ದರ ಹೇಳಿ. ಹಳಬರಿಗೆ ಎರಡು ತಿಂಗಳು ಮುಂಚೆ ತಿಳಿಸಿ ಆಮೇಲೆ ಏರಿಸಿ. ಕೆಪಾಸಿಟರ್, ಎಂಸಿಬಿ, ಸ್ವಿಚ್ಚು, ಸಾಕೆಟ್ಟು ಬ್ಯಾಗಿನಲ್ಲೇ ಇದ್ದರೆ ಅಂಗಡಿಗೆ ಓಡುವ ಒಂದು ಸುತ್ತು ತಪ್ಪುತ್ತದೆ. ದರ ಏರಿಸದೆಯೂ ಗಳಿಕೆ ಹೆಚ್ಚಿಸುವ ದಾರಿ ಅದು. ಒಂದು ವರ್ಷದಲ್ಲಿ 1,800 ಮುಟ್ಟದೆ ಇರಬಹುದು. 1,400ಕ್ಕೆ ಬಂದರೂ ಖರ್ಚು ಕಳೆದು ತಿಂಗಳಿಗೆ ಸುಮಾರು 20,500 ಉಳಿಯುತ್ತದೆ, ಈಗಿನ 11,000ದ ಹತ್ತಿರ ಹತ್ತಿರ ಎರಡರಷ್ಟು.

ಅಂದ ಹಾಗೆ, ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿಯುವ ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಪೇಂಟರ್ ಎಲ್ಲರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಗಾರೆಯವರಿಗೆ ಮಾತ್ರ ಎಂದುಕೊಂಡು ಬಿಟ್ಟವರು ಬಹಳ ಜನ ಇದ್ದಾರೆ. ನೀವು ಮಾಡಿಸಿಲ್ಲದಿದ್ದರೆ ಮಾಡಿಸಿ.

ನಾನು ನಿವೃತ್ತ ಶಿಕ್ಷಕಿ, ಮೈಸೂರು. ಮನೆಗೆ ಬಣ್ಣ ಹೊಡೆಸಲು ಮೂವರನ್ನು ಕೇಳಿದೆ. ಒಬ್ಬರು 38,000, ಇನ್ನೊಬ್ಬರು 55,000, ಮತ್ತೊಬ್ಬರು 60,000 ಎಂದರು. ನ್ಯಾಯದ ದರ ಯಾವುದು? ಹಾಗೆಯೇ, ಪೇಂಟ್ ಬಕೆಟ್‌ನಲ್ಲಿ ಬರುವ, ಕೊಟ್ಟರೆ ದುಡ್ಡು ಸಿಗುವ ಟೋಕನ್ ಯಾರಿಗೆ ಸೇರಬೇಕು?

ಮೇಡಂ, ಮೊತ್ತವನ್ನು ಪಕ್ಕಕ್ಕಿಟ್ಟು ಮೂವರಿಗೂ ಒಂದೇ ಪ್ರಶ್ನೆ ಕೇಳಿ: 'ಏನೇನು ಮಾಡ್ತೀರಿ, ಬರೆದು ಕೊಡಿ.' ಹಳೆ ಬಣ್ಣ ಕೆರೆಯುತ್ತಾರಾ? ಪುಟ್ಟಿ ಬಿರುಕು ಬಿಟ್ಟಲ್ಲಿ ಮಾತ್ರವಾ, ಇಡೀ ಗೋಡೆಗಾ? ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜುತ್ತಾರಾ? ಪ್ರೈಮರ್ ಎಷ್ಟು ಕೋಟು, ಬಣ್ಣ ಎಷ್ಟು ಕೋಟು, ಯಾವ ಕಂಪನಿಯ ಯಾವ ದರ್ಜೆಯದ್ದು? ಕಿಟಕಿ ಸರಳಿಗೆ ಪೇಂಟ್ ಸೇರಿದೆಯಾ? ಗೋಡೆಯಲ್ಲಿ ತೇವ ಇದ್ದರೆ ಏನು ಮಾಡ್ತಾರೆ?

38,000ದವರು ಪುಟ್ಟಿಯನ್ನು ಬಿಟ್ಟಿರಬಹುದು. ಕೆಲಸ ಅರ್ಧಕ್ಕೆ ಬಂದಾಗ 'ಅಮ್ಮಾ, ಗೋಡೆ ಸರಿ ಇಲ್ಲ, ಎಕ್ಸ್‌ಟ್ರಾ ಆಗುತ್ತೆ' ಎಂಬ ಮಾತು ಬರುತ್ತದೆ. ಆಗ ಮನೆ ತುಂಬಾ ಧೂಳು, ಸಾಮಾನೆಲ್ಲ ನಡುಮನೆಯಲ್ಲಿ ಗುಡ್ಡೆ. ಬೇಡ ಅನ್ನಲಾಗುವುದಿಲ್ಲ. ಕಡಿಮೆ ಹೇಳಿ ಒಳಗೆ ಬಂದು ಆಮೇಲೆ ಏರಿಸುವುದು ಜಾಸ್ತಿ ಹೇಳುವುದಕ್ಕಿಂತ ದೊಡ್ಡ ಅನ್ಯಾಯ. ಇದನ್ನು ಪೇಂಟರುಗಳಿಗೂ ಹೇಳುತ್ತಿದ್ದೇನೆ.

ಅಳತೆಯೂ ಕೇಳಿ. ಚದರ ಅಡಿಗೆ ಇಷ್ಟು ಎನ್ನುತ್ತಾರೆ, ಆದರೆ ಯಾವುದರ ಚದರ ಅಡಿ? 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆ ತಗೊಳ್ಳಿ. ನೆಲ 120 ಚದರ ಅಡಿ. ನಾಲ್ಕು ಗೋಡೆ 440, ಮೇಲಿನ ಸೀಲಿಂಗ್ 120, ಒಟ್ಟು 560. ಒಬ್ಬರು ನೆಲದ ಲೆಕ್ಕದಲ್ಲಿ, ಇನ್ನೊಬ್ಬರು ಗೋಡೆ ಲೆಕ್ಕದಲ್ಲಿ ಹೇಳಿದರೆ ಆ ಎರಡು ದರವನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವೇ ಇಲ್ಲ. ಬಾಗಿಲು, ಕಿಟಕಿಯ ಜಾಗ ಕಳೆಯುತ್ತಾರಾ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಟೋಕನ್ ವಿಷಯ. ಕಂಪನಿಯವರು ಅದನ್ನು ಇಡುವುದು ಪೇಂಟರಿಗಾಗಿಯೇ. ಈಗ ಎಷ್ಟೋ ಕಡೆ ಅದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಕೋಡ್ ಆಗಿದೆ. ಅವರು ತಗೊಳ್ಳಲಿ, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಟೋಕನ್ ಜಾಸ್ತಿ ಸಿಗುತ್ತದೆ ಅಂತ ನಾಲ್ಕು ಬಕೆಟ್ ಸಾಕಾಗುವ ಕಡೆ ಐದು ತರಿಸುವುದು, ನಿಮ್ಮ ಗೋಡೆಗೆ ಬೇಡದ ಬಣ್ಣ ಹೇಳುವುದು ತಪ್ಪು. ಎಷ್ಟು ಲೀಟರ್ ಬೇಕು ಎಂದು ಮೊದಲೇ ಬರೆಸಿಕೊಂಡರೆ ಈ ಅನುಮಾನಕ್ಕೆ ಜಾಗ ಇರುವುದಿಲ್ಲ. ಆಮೇಲೆ ಟೋಕನ್‌ಗಾಗಿ ಅವರ ಹಿಂದೆ ನಿಂತು ಕಾಯಬೇಡಿ, ಅದು ನಿಮಗೂ ಶೋಭೆಯಲ್ಲ.

ನಮಸ್ಕಾರ್ರಿ ಸರ್. ಹುಬ್ಬಳ್ಳಿಯಿಂದ ಬರೀತಿದ್ದೀನಿ. ಮನೆಯಲ್ಲೇ ಬ್ಲೌಸ್ ಹೊಲೀತೀನಿ, ಸೀರೆಗೆ ಕುಚ್ಚು ಹಾಕ್ತೀನಿ. ಲೈನಿಂಗ್ ಬ್ಲೌಸ್‌ಗೆ 250 ತಗೊಳ್ತೀನಿ, ಪ್ಯಾಟಿ ಕಡೆ ಬೊಟಿಕ್‌ನಾಗ 700 ಐತಿ. ನಮ್ಮ ಓಣಿಯವರು, ಸಂಬಂಧಿಕರೇ ಗಿರಾಕಿಗಳು. ಅರ್ಧ ಜನ ಉದ್ರಿ. ದರ ಏರಿಸಿದ್ರೆ ಮುನಿಸ್ಕೊತಾರೆ. ಇನ್ನೊಂದು, ದೊಡ್ಡ ರೇಷ್ಮೆ ಸೀರೆ ತಂದವರಿಗೆ ಕುಚ್ಚಿಗೆ ಜಾಸ್ತಿ ಹೇಳಬಹುದಾ?

ನಿಮ್ಮ ಪತ್ರ ಓದಿ ಬೇಜಾರಾಯಿತು. ಒಂದು ಲೈನಿಂಗ್ ಬ್ಲೌಸ್‌ಗೆ ಅಳತೆ, ಕಟಿಂಗ್, ಹೊಲಿಗೆ, ಹೆಮ್ಮಿಂಗ್, ಹುಕ್ಕು, ಆಮೇಲೆ 'ತೋಳು ಸ್ವಲ್ಪ ಬಿಗಿ ಆಯ್ತು' ಎಂದು ವಾಪಸ್ ಬಂದಾಗ ಬಿಚ್ಚಿ ಹೊಲಿಯುವುದು ಎಲ್ಲ ಸೇರಿ ಮೂರು ಗಂಟೆ ಅಂದುಕೊಳ್ಳೋಣ. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು, ಮಷೀನ್ ಸವೆತ ಎಂದು 100 ಹೋಗುತ್ತದೆ. ಉಳಿದದ್ದು 150, ಗಂಟೆಗೆ 50. ಮನೆಗೆಲಸದ ನಡುವೆ ದಿನಕ್ಕೆ ಏಳು ಗಂಟೆ ಹೊಲಿದರೆ 350. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅದೇನು ಜಾಸ್ತಿ ಕೂಲಿಯಲ್ಲ. ಅಷ್ಟೂ ನಿಮಗೆ ಗಿಟ್ಟುತ್ತಿಲ್ಲ. ಕಟಿಂಗ್ ಕಲಿಯಲು ನೀವು ಕೊಟ್ಟ ವರ್ಷಗಳಿಗೆ ಬೆಲೆಯೇ ಸಿಕ್ಕಿಲ್ಲ.

ಬೊಟಿಕ್‌ನ 700ರಲ್ಲಿ ಅಂಗಡಿ ಬಾಡಿಗೆ, ಕೆಲಸದವರ ಸಂಬಳ, ದೀಪ, ಕನ್ನಡಿ ಎಲ್ಲ ಸೇರಿದೆ. ನಿಮಗೆ ಅವೆಲ್ಲ ಇಲ್ಲ, ಹಾಗಾಗಿ 700 ಕೇಳುವುದು ಬೇಡ. ಗಂಟೆಗೆ 90 ಎಂದು ಹಿಡಿದರೆ 270, ಸಾಮಾನಿನ 100 ಸೇರಿ 370. ಅಷ್ಟಕ್ಕೆ ಯಾರ ಮುಂದೆಯೂ ನಾಚಿಕೊಳ್ಳಬೇಕಾಗಿಲ್ಲ. ಮಷೀನ್ ಪಕ್ಕದ ಗೋಡೆಗೆ ದರದ ಹಾಳೆ ಅಂಟಿಸಿ: ಸಾದಾ, ಲೈನಿಂಗ್, ಪ್ಯಾಡ್, ಫಾಲ್ ಮತ್ತು ಜಿಗ್‌ಜಾಗ್, ಕುಚ್ಚು. ಬಾಯಲ್ಲಿ ಹೇಳಿದರೆ ಚೌಕಾಸಿ ನಡೆಯುತ್ತದೆ. ಗೋಡೆಯ ಮೇಲಿನ ಹಾಳೆಯೊಂದಿಗೆ ಅಷ್ಟಾಗಿ ನಡೆಯುವುದಿಲ್ಲ. ದೀಪಾವಳಿ ಹಿಂದಿನ ವಾರ, ಮದುವೆ ಸೀಸನ್‌ನಲ್ಲಿ ರಾತ್ರಿ ಕೂತು ಹೊಲಿಯಬೇಕಾದ ಅರ್ಜೆಂಟ್ ಕೆಲಸಕ್ಕೆ ಎಷ್ಟು ಜಾಸ್ತಿ ಎಂಬುದೂ ಅದೇ ಹಾಳೆಯಲ್ಲಿ ಇರಲಿ.

ಸಂಬಂಧಿಕರಿಗೆ ಕಡಿಮೆ ಮಾಡಬೇಕು ಅನ್ನಿಸಿದರೆ ಮಾಡಿ, ಅದು ನಿಮ್ಮ ಪ್ರೀತಿ. ಆದರೆ ಚೀಟಿಯಲ್ಲಿ 370 ಎಂದೇ ಬರೆದು, ಕೆಳಗೆ 50 ಬಿಟ್ಟದ್ದನ್ನು ತೋರಿಸಿ. ಇಲ್ಲದಿದ್ದರೆ ನೀವು ಬಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, 320 ಅನ್ನೋದೇ ನಿಮ್ಮ ದರ ಆಗಿಬಿಡುತ್ತದೆ. ಉದ್ರಿಗೆ ಒಂದೇ ನಿಯಮ ಸಾಕು. ಹಳೆ ಬಾಕಿ ಕೊಟ್ಟ ಮೇಲೆ ಹೊಸ ಬಟ್ಟೆಗೆ ಕತ್ತರಿ. ಯಾರಿಗೂ ವಿನಾಯಿತಿ ಇಲ್ಲ ಎಂದಾದರೆ ಯಾರಿಗೂ ಅವಮಾನವೂ ಆಗುವುದಿಲ್ಲ.

ರೇಷ್ಮೆ ಸೀರೆ ಬಗ್ಗೆ. ಸೀರೆಗೆ ಎಷ್ಟು ಕೊಟ್ಟಿದ್ದಾರೆ ಎಂದು ನೋಡಿ ಕುಚ್ಚಿನ ದರ ಹೇಳಬೇಡಿ. ನಿಮ್ಮ ಕೆಲಸ ಹೆಚ್ಚಾಗುತ್ತದೆಯೇ ಎಂದು ನೋಡಿ. ನಯವಾದ ಎಳೆ ಜಾರುತ್ತದೆ, ನಿಧಾನಕ್ಕೆ ಗಂಟು ಹಾಕಬೇಕು, ಒಂದು ಎಳೆ ಎಳೆದುಕೊಂಡರೆ ಸೆರಗೇ ಸುಕ್ಕಾಗುತ್ತದೆ, ಕಲೆಯಾಗದ ಹಾಗೆ ನೋಡಿಕೊಳ್ಳಬೇಕು. ಇವುಗಳಿಗೆ ಒಂದು ಗಂಟೆ ಜಾಸ್ತಿ ಹಿಡಿದರೆ ಅಷ್ಟರ ಕೂಲಿ ಜಾಸ್ತಿ ತಗೊಳ್ಳಿ. ಮಣಿ ಕುಚ್ಚಿಗೆ, ಕ್ರೋಶಾ ಕುಚ್ಚಿಗೆ ಸಾದಾ ಕುಚ್ಚಿಗಿಂತ ಎಷ್ಟೋ ಪಟ್ಟು ಹೊತ್ತು ಬೇಕು, ಅದರ ದರವೂ ಹಾಗೇ ಇರಬೇಕು. ಆದರೆ ಒಂದೇ ಡಿಸೈನ್, ಒಂದೇ ಹೊತ್ತು ಹಿಡಿಯುವ ಕೆಲಸಕ್ಕೆ ಮೇಷ್ಟ್ರ ಹೆಂಡತಿಗೆ ಒಂದು ದರ, ಡಾಕ್ಟರ ಹೆಂಡತಿಗೆ ಒಂದು ದರ ಆದರೆ ಅದು ಓಣಿಯಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳೂ ಇದ್ದಾರೆ. ಉಪಕರಣಕ್ಕೆ 15,000ದವರೆಗೆ ನೆರವು ಕೊಡುವ ಯೋಜನೆ ಅದು. ಮಷೀನ್ ಹಾಗೆ ಬಂದರೂ ಅದರ ಸವೆತವನ್ನು ದರದಲ್ಲಿ ಸೇರಿಸಿ. ಮುಂದಿನ ಮಷೀನನ್ನು ನಿಮ್ಮ ದುಡ್ಡಿನಲ್ಲೇ ಕೊಳ್ಳಬೇಕಲ್ವಾ?

ಬೆಂಗಳೂರಿನಲ್ಲಿ ಪ್ಲಂಬಿಂಗ್ ಮಾಡ್ತೀನಿ ಸರ್. ಹಾರ್ಡ್‌ವೇರ್ ಅಂಗಡಿಯವರು ಬಿಲ್ ಮೇಲೆ ಶೇ 10 ಕಮಿಷನ್ ಕೊಡ್ತಾರೆ. ಎಲ್ಲರೂ ತಗೊಳ್ತಾರೆ. ತಗೊಳ್ಳೋದು ಮೋಸವಾ?

ಮನೆಯವರಿಗೆ ಗೊತ್ತಿಲ್ಲದೆ ತಗೊಂಡರೆ ಹೌದು, ನನ್ನ ಪ್ರಕಾರ ಅದು ಮೋಸವೇ. ಅಂಗಡಿಯವರು ಆ ಶೇ 10ನ್ನು ಜೇಬಿನಿಂದ ಕೊಡುವುದಿಲ್ಲ, ಮನೆಯವರ ಬಿಲ್‌ನಲ್ಲಿ ಸೇರಿಸಿಯೇ ಕೊಡುತ್ತಾರೆ. ಆದರೆ ಇದರ ಬೇರು ಎಲ್ಲಿದೆ ಎಂದೂ ಗೊತ್ತು. ಕೂಲಿ ಸರಿಯಾಗಿ ಕೇಳಲು ಹಿಂಜರಿಯುವವರು ಕಮಿಷನ್‌ನಲ್ಲಿ ಸರಿದೂಗಿಸಿಕೊಳ್ಳುತ್ತಾರೆ. ಮನೆಯವರೂ ಕೂಲಿಯಲ್ಲಿ 200 ಕಡಿಮೆ ಮಾಡಿಸಿ ಗೆದ್ದೆವು ಎಂದುಕೊಳ್ಳುತ್ತಾರೆ, ಸಾಮಾನಿನಲ್ಲಿ 1,200 ಕಳೆದುಕೊಂಡಿರುತ್ತಾರೆ.

ಹೀಗೆ ಮಾಡಿ. 12,000 ರೂಪಾಯಿ ಸಾಮಾನು ಬೇಕು ಎಂದರೆ ಪಟ್ಟಿ ಬರೆದು ಕೊಟ್ಟು 'ನೀವೇ ತನ್ನಿ, ಇಲ್ಲ ನಾನು ತಂದರೆ ಓಡಾಟ, ಸಾಗಾಟಕ್ಕೆ 1,000' ಎಂದು ಹೇಳಿ. ಬಿಲ್ ಮನೆಯವರ ಹೆಸರಲ್ಲೇ ಇರಲಿ. ಅಂಗಡಿಯವರಿಗೆ ಆ ಶೇ 10ನ್ನು ಬಿಲ್‌ನಲ್ಲೇ ಕಡಿಮೆ ಮಾಡಲು ಹೇಳಿ. ಮನೆಯವರಿಗೆ ಒಟ್ಟು ಖರ್ಚು ಹೆಚ್ಚಾಗುವುದಿಲ್ಲ, ನಿಮ್ಮ ಶ್ರಮಕ್ಕೂ ದುಡ್ಡು ಬರುತ್ತದೆ. ಯಾವ ಅಂಗಡಿಯಲ್ಲಿ ಒಳ್ಳೆ ಪೈಪು ಸಿಗುತ್ತದೋ ಅಲ್ಲಿಂದ ತರುವ ಸ್ವಾತಂತ್ರ್ಯವೂ ನಿಮ್ಮದಾಗುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಎಲ್ಬೋ, ಟೀ, ಕಪ್ಲರ್‌ಗಳನ್ನು ಎಣಿಸಿ ಮನೆಯವರ ಮುಂದೆಯೇ ಅಂಗಡಿಗೆ ವಾಪಸ್ ಮಾಡಿ. ಇಂಥ ಪ್ಲಂಬರ್ ನಂಬರನ್ನು ಅಪಾರ್ಟ್‌ಮೆಂಟ್‌ನವರು ಒಬ್ಬರಿಗೊಬ್ಬರು ಕೊಡುತ್ತಾರೆ.

ಶಿವಮೊಗ್ಗದಲ್ಲಿ ಬಡಗಿ ಕೆಲಸ. ದುಡ್ಡೆಲ್ಲ ಫೋನ್ ಪೇ, ಗೂಗಲ್ ಪೇನಲ್ಲೇ ಬರುತ್ತೆ. ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಹೆದರಿಸ್ತಿದ್ದಾರೆ. ದರದಲ್ಲಿ ಶೇ 18 ಸೇರಿಸಬೇಕಾ? ಅಡ್ವಾನ್ಸ್ ಎಷ್ಟು ಕೇಳಬಹುದು?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗಿನಿಂದ ಈ ಹೆದರಿಕೆ ಎಲ್ಲ ಕಡೆ ಇದೆ. ಸೇವೆ ಕೊಡುವವರಿಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಬರೀ ಸರಕು ಮಾರುವವರಿಗೆ ಆ ಮಿತಿ 40 ಲಕ್ಷ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ತಗೊಳ್ಳುವ ಹಾಗಿಲ್ಲ, ಹಾಗಾಗಿ ಶೇ 18 ಸೇರಿಸಬೇಡಿ.

ನೀವು ಗಮನಿಸಬೇಕಾದದ್ದು ಬೇರೆ. ಪ್ಲೈವುಡ್, ಲ್ಯಾಮಿನೇಟ್, ಹಿಂಜಸ್ಸು ಎಲ್ಲ ನೀವೇ ತಂದು ಒಟ್ಟಿಗೆ ಬಿಲ್ ಮಾಡಿದರೆ ಆ ಪೂರ್ತಿ ಮೊತ್ತ ನಿಮ್ಮ ವಹಿವಾಟು. ಆರೇಳು ಅಡುಗೆಮನೆ ಕೆಲಸಕ್ಕೇ 20 ಲಕ್ಷ ಮುಟ್ಟಬಹುದು, ನಿಮಗೆ ಉಳಿದದ್ದು ಅದರಲ್ಲಿ ಸ್ವಲ್ಪವೇ ಇದ್ದರೂ. ಮನೆಯವರು ಸಾಮಾನಿನ ದುಡ್ಡನ್ನು ನೇರವಾಗಿ ಅಂಗಡಿಗೆ ಕೊಟ್ಟು, ನೀವು ಕೂಲಿ ಮಾತ್ರ ತಗೊಂಡರೆ ನಿಮ್ಮ ಖಾತೆಗೆ ಬರುವುದು ಕೂಲಿ ಮಾತ್ರ. ಮನೆ ಖರ್ಚಿಗೆ ಬರುವ ದುಡ್ಡು, ನೆಂಟರ ಸಾಲ ಇವಕ್ಕೆ ಬೇರೆ ಖಾತೆ ಇಟ್ಟುಕೊಳ್ಳಿ. 15 ಲಕ್ಷದ ಹತ್ತಿರ ಬರುತ್ತಿದ್ದಂತೆ ಒಬ್ಬ ಟ್ಯಾಕ್ಸ್ ಸಲಹೆಗಾರರನ್ನು ಕಾಣಿ. ನೋಟಿಸ್ ಬಂದ ಮೇಲೆ ಕೊಡುವ ಫೀಜಿಗಿಂತ ಅದು ಕಡಿಮೆ.

ಅಡ್ವಾನ್ಸ್: ಸಾಮಾನು ನೀವು ತರುವುದಾದರೆ ಸಾಮಾನಿನ ದುಡ್ಡು ಪೂರ್ತಿ ಮೊದಲೇ ಬರಲಿ, ಬಿಲ್ ತೋರಿಸಿ. ನಿಮ್ಮ ಕೈಯಿಂದ ಹಾಕಬೇಡಿ, ನೀವು ಬ್ಯಾಂಕ್ ಅಲ್ಲ. ಕೂಲಿಯಲ್ಲಿ ಕಾಲು ಭಾಗ ಶುರುವಿಗೆ, ಪೆಟ್ಟಿಗೆಗಳು ಗೋಡೆಗೆ ಕೂತಾಗ ಅರ್ಧ, ಬಾಗಿಲು ಹಾಕಿದಾಗ ಶೇ 15, ಹಿಡಿ, ಚಾನಲ್ ಎಲ್ಲ ಸರಿಮಾಡಿ ಮನೆಯವರು ಒಂದೊಂದೇ ಡ್ರಾಯರ್ ಎಳೆದು ನೋಡಿದ ಮೇಲೆ ಉಳಿದ ಶೇ 10. ಕೊನೆಯ ಕಂತು ಇದಕ್ಕಿಂತ ದೊಡ್ಡದಿದ್ದರೆ ನಿಮಗೆ ವಸೂಲಿ ಕಷ್ಟ, ಏನೂ ಇಲ್ಲದಿದ್ದರೆ ಆ ಕೊನೆಯ ಹಿಡಿ ಹಾಕಿಸಲು ಅವರು ತಿಂಗಳುಗಟ್ಟಲೆ ನಿಮಗೆ ಫೋನ್ ಮಾಡಬೇಕಾಗುತ್ತದೆ.